ಹೇನು ಮೊದಲು, ಗುಲಗಂಜಿ ಹುಳು ಆಮೇಲೆ

ಬೆಂಗಳೂರಿನಲ್ಲಿ ಗುಲಾಬಿ ಬೆಳೆಸುವವರಿಗೆ ಅಕ್ಟೋಬರ್ ಕೊನೆ, ನವೆಂಬರ್ ಅಂದರೆ ಕತ್ತರಿ ಹಿಡಿಯುವ ಕಾಲ. ಜೋರು ಮಳೆ ನಿಂತಿರುತ್ತದೆ, ಬಿಸಿಲು ಹಿತವಾಗಿರುತ್ತದೆ. ಹಳೇ ಕಡ್ಡಿ ಕತ್ತರಿಸಿ, ಬುಡ ಸಡಿಲ ಮಾಡಿ, ಗೊಬ್ಬರ ಕೊಟ್ಟರೆ ಆರೇಳು ವಾರದಲ್ಲಿ ಹೂವು. ದೊಡ್ಡಬಳ್ಳಾಪುರ, ಹೊಸೂರು ಕಡೆಯ ಪಾಲಿಹೌಸ್‌ಗಳಲ್ಲೂ ಹೆಚ್ಚು ಕಡಿಮೆ ಇದೇ ಲೆಕ್ಕ. ಫೆಬ್ರವರಿ 14ಕ್ಕೆ ಕೆಂಪು ತಾಜ್‌ಮಹಲ್ ಗುಲಾಬಿ ಲಾರಿ ಹತ್ತಬೇಕು ಅಂದರೆ ಡಿಸೆಂಬರ್‌ನಲ್ಲೇ ಗಿಡ ಸವರಿರಬೇಕು. ನಮ್ಮ ಮಹಡಿ ಮೇಲಿನ ಕುಂಡಗಳಿಗೆ ಪ್ರೇಮಿಗಳ ದಿನದ ಹಂಗಿಲ್ಲ. ಆದರೂ ಅವು ಚಿಗುರುವುದು ಅದೇ ಹೊತ್ತಿಗೆ. ನಸುಗೆಂಪು ಎಳೆ ಚಿಗುರು, ಉಗುರು ತಾಗಿದರೂ ರಸ ಬರುವಂಥದ್ದು. ಅಷ್ಟರಲ್ಲಿ ಬಂಗಾಳ ಕೊಲ್ಲಿಯಲ್ಲಿ ಒಂದು ವಾಯುಭಾರ ಕುಸಿತವಾಗಿ ಊರಿಗೆಲ್ಲ ಮೋಡ ಮುಸುಕಿ, ನಾಲ್ಕು ದಿನ ಚಳಿ ಹಿಡಿದರೆ ಸಾಕು. ಮೊಗ್ಗಿನ ಕೆಳಗೆ, ತೊಟ್ಟಿನ ಸುತ್ತ ಹಸಿರು ಚುಕ್ಕಿಗಳು ಕೂತಿರುತ್ತವೆ. ತಲೆಯದಲ್ಲ, ಗಿಡದ ರಸ ಹೀರುವ ಹೇನು.

ಪರಿಚಯದವರು ಫೋಟೊ ಕಳಿಸುತ್ತಾರೆ. ಕೆಳಗೆ ಒಂದೇ ಪ್ರಶ್ನೆ: ‘ಏನು ಹೊಡೆಯೋದು?’ ನಾನು ತಿರುಗಿ ಕೇಳುವುದು, ‘ಬಂದು ಎಷ್ಟು ದಿನ ಆಯ್ತು?’ ಕೆಲವರಿಗೆ ಇದು ಜಾರಿಕೊಳ್ಳುವ ಉತ್ತರ ಅನ್ನಿಸುತ್ತದೆ. ಆದರೆ ಹೇನಿನ ವಿಷಯದಲ್ಲಿ ಔಷಧಿಗಿಂತ ದಿನದ ಲೆಕ್ಕ ಮುಖ್ಯ ಅಂತ ನಾನು ನಂಬಿದ್ದೇನೆ. ಹೇನು ಬಂದ ದಿನಕ್ಕೂ ಅದನ್ನು ತಿನ್ನುವ ಹುಳುಗಳು ಬರುವ ದಿನಕ್ಕೂ ನಡುವೆ ಒಂದು ಸಂದು ಇರುತ್ತದೆ. ಹತ್ತು ದಿನ ಅಂತಿಟ್ಟುಕೊಳ್ಳಿ, ಕೆಲವು ಸಲ ಹದಿನೈದು. ನಮ್ಮ ಗಾಬರಿಯೆಲ್ಲ ಆ ಸಂದಿನಲ್ಲೇ. ಔಷಧಿ ಅಂಗಡಿಯ ವ್ಯಾಪಾರವೂ ಆ ಸಂದಿನಲ್ಲೇ.

ಆ ಸಂದು ಯಾಕೆ ಬರುತ್ತದೆ ಅಂತ ತಿಳಿಯಬೇಕಾದರೆ ಒಂದು ಭೂತಗನ್ನಡಿ ಹಿಡಿದು ಮೊಗ್ಗಿನ ಹತ್ತಿರ ಕೂರಬೇಕು. ಬೆಳಗ್ಗೆ ಎಂಟರ ಬಿಸಿಲು ಒಳ್ಳೆಯದು. ಹೇನು ತಲೆ ಕೆಳಗೆ ಮಾಡಿ, ಸೂಜಿಯಂಥ ಬಾಯಿಯನ್ನು ತೊಟ್ಟಿಗೆ ಚುಚ್ಚಿ ಕೂತಿರುತ್ತದೆ. ಹಿಂಭಾಗದಲ್ಲಿ ಎರಡು ಸಣ್ಣ ಕೊಳವೆಗಳು, ನಡುವೆ ಬಾಲದಂಥ ಒಂದು ತುದಿ. ಸುಮ್ನೆ ನೋಡುತ್ತಿದ್ದರೆ ದಪ್ಪ ಹೇನೊಂದರ ಹಿಂದಿನಿಂದ ತಿಳಿಹಸಿರು ಮಣಿಯೊಂದು ಹೊರಬರುವುದು ಕಾಣುತ್ತದೆ. ಅದು ಮೊಟ್ಟೆಯಲ್ಲ, ಮರಿ. ಹಿಂಭಾಗ ಮೊದಲು ಬರುತ್ತದೆ, ತಲೆ ಕೊನೆಗೆ. ಕಾಲು ಬಿಡಿಸಿಕೊಂಡು ಗಾಳಿಯಲ್ಲಿ ಆಡಿಸುತ್ತದೆ. ಕಾಲು ತೊಟ್ಟಿಗೆ ತಾಗಿದ ಕೂಡಲೇ ಎರಡು ಹೆಜ್ಜೆ ನಡೆದು ಜಾಗ ಹಿಡಿದು ತಾನೂ ಬಾಯಿ ಚುಚ್ಚುತ್ತದೆ. ತಾಯಿ ಇಷ್ಟಕ್ಕೂ ರಸ ಹೀರುವುದನ್ನು ನಿಲ್ಲಿಸಿರುವುದಿಲ್ಲ.

ಇಲ್ಲಿ ಗಂಡು ಬೇಕಿಲ್ಲ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆ ಮುಂಚೆ ಗಂಡು ಹೇನು ಹುಟ್ಟಿ, ಕೂಡಿ, ಮೊಟ್ಟೆ ಇಡುವ ಏರ್ಪಾಡು ಇದೆ. ಬೆಂಗಳೂರಿನ ಚಳಿ ಅವಕ್ಕೆ ಚಳಿಯೇ ಅಲ್ಲ. ವರ್ಷಪೂರ್ತಿ ಹೆಣ್ಣು ಹೆಣ್ಣನ್ನೇ ಹೆರುತ್ತದೆ. ಹುಟ್ಟುವ ಮರಿಯ ಹೊಟ್ಟೆಯೊಳಗೆ ಆಗಲೇ ಅದರ ಮಗಳು ಬೆಳೆಯಲು ಶುರುವಾಗಿರುತ್ತಾಳೆ. ಅಜ್ಜಿ, ಮಗಳು, ಮೊಮ್ಮಗಳು ಒಂದೇ ಮೈಯಲ್ಲಿ. ನಾಲ್ಕು ಸಲ ಪೊರೆ ಬಿಟ್ಟು ಒಂದು ವಾರ, ಹತ್ತು ದಿನದಲ್ಲಿ ಮರಿ ತಾಯಿಯಾಗುತ್ತದೆ. ಆಮೇಲೆ ದಿನಕ್ಕೆ ಮೂರೋ ನಾಲ್ಕೋ ಮರಿ. ಎಲೆಯ ಮೇಲೆ ಬಿಳಿ ಹೊಟ್ಟಿನಂತೆ ಉದುರಿರುತ್ತದಲ್ಲ, ಅದು ಹೊಸ ಹುಳು ಅಲ್ಲ, ಬಿಟ್ಟ ಪೊರೆ. ಅದನ್ನು ನೋಡಿ ‘ಬಿಳಿ ಹುಳುನೂ ಬಂತು’ ಅಂತ ಇನ್ನೊಂದು ಬಾಟಲಿ ತರುವವರಿದ್ದಾರೆ.

ಇದರ ಎದುರು, ಹೇನನ್ನು ತಿನ್ನುವ ಗುಲಗಂಜಿ ಹುಳುವಿನ, ಅಂದರೆ ಲೇಡಿಬರ್ಡ್‌ನ, ಲೆಕ್ಕ ನೋಡಿ. ಅದು ಮೊಟ್ಟೆಯಿಂದ ರೆಕ್ಕೆ ಬಂದು ಹಾರುವಷ್ಟರಲ್ಲಿ ಎರಡು ಮೂರು ವಾರ ಬೇಕು. ಹೇನು ಇಲ್ಲದ ಗಿಡದಲ್ಲಿ ಅದು ಮೊಟ್ಟೆಯನ್ನೂ ಇಡುವುದಿಲ್ಲ. ಹುಟ್ಟುವ ಮಕ್ಕಳಿಗೆ ಊಟ ಇದೆಯಾ ಅಂತ ನೋಡಿಕೊಂಡೇ ಇಡುವುದು. ಅಂದರೆ ಗುಲಾಬಿಯ ಮೇಲೆ ಹೇನು ಒಂದಿಷ್ಟು ದಟ್ಟವಾದ ಮೇಲೇ ಅದರ ಬಸುರಿ ಬಾಣಂತನ ಶುರು. ನಾವು ಹೇನು ಕಂಡ ದಿನವೇ ಅದು ಹಾಜರಿರಬೇಕು ಅಂತ ಬಯಸಿದರೆ ಆಗುವ ಮಾತಲ್ಲ.

ಗುಲಗಂಜಿ ಹುಳು ಎಂದ ಕೂಡಲೇ ಎಲ್ಲರಿಗೂ ಕೆಂಪು ಮೈ, ಕಪ್ಪು ಚುಕ್ಕಿ ನೆನಪಾಗುತ್ತದೆ. ನಮ್ಮಲ್ಲಿ ಜಾಸ್ತಿ ಕಾಣುವ ಒಂದಕ್ಕೆ ಚುಕ್ಕಿಗಿಂತ ಗೆರೆಯೇ ಎದ್ದು ಕಾಣುತ್ತದೆ. ಹಳದಿ ಕಿತ್ತಳೆ ಬೆನ್ನಿನ ಮೇಲೆ ಅಂಕುಡೊಂಕು ಕಪ್ಪು ಗೆರೆ. ಸರಿ, ದೊಡ್ಡ ಹುಳುವನ್ನು ಯಾರೂ ಕೊಲ್ಲುವುದಿಲ್ಲ, ಅದು ಚೆಂದ ಇದೆ. ಪಾಪ ಅನ್ನಿಸುವುದು ಅದರ ಮರಿಗೆ. ಕಪ್ಪು ಬೂದು ಮೈ, ಉದ್ದ ಕಾಲು, ಬೆನ್ನ ಮೇಲೆ ಹಳದಿ ಮಚ್ಚೆ, ಮೈತುಂಬ ಮುಳ್ಳಿನಂಥ ಉಬ್ಬು. ಪುಟಾಣಿ ಮೊಸಳೆ ಅಂತಲೇ ಹೇಳಬಹುದು. ಹೇನಿಗಿಂತ ಇದೇ ದೊಡ್ಡ ಶತ್ರುವಿನ ಹಾಗೆ ಕಾಣುತ್ತದೆ. ನಮ್ಮ ಅತ್ತೆ ಒಂದು ಸಂಜೆ ಪೇಪರ್ ತುಂಡಿನಲ್ಲಿ ಒಂದಿಷ್ಟು ಹುಳು ಹಿಡಿದು ತಂದು, ‘ನೋಡೇ, ಮೊಗ್ಗು ತಿನ್ನೋ ಹುಳ. ಎಲ್ಲಾ ಹೆಕ್ಕಿದೀನಿ’ ಅಂದರು. ‘ಅಯ್ಯೋ ಅತ್ತೆ, ಅವು ನಮ್ಮ ಕಡೆಯವು’ ಅಂದೆ. ಅವರು ನಂಬಲಿಲ್ಲ. ಭೂತಗನ್ನಡಿ ಕೊಟ್ಟು ಕೂರಿಸಿದೆ. ಮರಿಯೊಂದು ಹೇನನ್ನು ಹಿಡಿದು, ತೊಟ್ಟಿನಿಂದ ಎತ್ತಿ, ರಸ ಹೀರಿ, ತೊಗಲು ಬಿಸಾಕುವುದನ್ನು ಪೂರ್ತಿ ನೋಡಿದರು. ‘ಎಷ್ಟು ಹಸಿವೋ ಇದಕ್ಕೆ!’ ಅಂದವರು ಆವತ್ತಿಂದ ಅವುಗಳ ಪರ.

ಇನ್ನೂ ಕೆಲವರನ್ನು ಗುರುತಿಟ್ಟುಕೊಳ್ಳಬೇಕು. ಜೇನುನೊಣದ ಹಾಗೆ ಹಳದಿ ಪಟ್ಟೆ ಇರುವ, ಗಾಳಿಯಲ್ಲಿ ಒಂದೇ ಕಡೆ ನಿಂತು ಹಾರುವ ಹೂನೊಣ. ಅದರ ಮರಿಗೆ ಕಾಲಿಲ್ಲ, ಕಣ್ಣೂ ಇಲ್ಲ. ಜಿಗಣೆಯ ಹಾಗೆ ತಡಕಾಡುತ್ತಾ ಹೋಗಿ ಸಿಕ್ಕ ಹೇನನ್ನು ನುಂಗುತ್ತದೆ. ತಿಳಿಹಸಿರು ಜಾಲರಿ ರೆಕ್ಕೆಯ ಕ್ರೈಸೋಪರ್ಲಾ ಎಂಬ ಕೀಟ ಇದೆ. ಅದು ದಾರದಂಥ ಕಡ್ಡಿಯ ತುದಿಯಲ್ಲಿ ಒಂದೊಂದೇ ಮೊಟ್ಟೆ ನಿಲ್ಲಿಸುತ್ತದೆ. ಕಣ್ಣಿಗೆ ಬೀಳದಷ್ಟು ಸಣ್ಣ ಕಣಜವೂ ಇದೆ. ಅದು ಹೇನಿನ ಮೈಯೊಳಗೇ ಮೊಟ್ಟೆ ಇಡುತ್ತದೆ. ಒಳಗಿನ ಮರಿ ಹೇನನ್ನು ತಿಂದು ಮುಗಿಸಿದ ಮೇಲೆ ಹೊರಗಿನ ಚರ್ಮ ಉಬ್ಬಿ, ಒಣಗಿ, ಗೋಧಿ ಬಣ್ಣಕ್ಕೆ ತಿರುಗುತ್ತದೆ. ನಿಮ್ಮ ಗಿಡದಲ್ಲಿ ಹಸಿರು ಹೇನುಗಳ ನಡುವೆ ಹೀಗೆ ಕಂದು ಬಣ್ಣದ, ಅಲುಗಾಡದ ಹೇನು ಕಂಡರೆ, ಅದರ ಬೆನ್ನಲ್ಲಿ ದುಂಡಗೆ ಒಂದು ತೂತೂ ಇದ್ದರೆ, ಸ್ಪ್ರೇ ಬಾಟಲಿ ಕೆಳಗಿಡಿ. ಸಂದು ಮುಗಿಯಿತು ಅಂತ ಅರ್ಥ.

ಇಷ್ಟಕ್ಕೂ ಆ ಹತ್ತು ಹದಿನೈದು ದಿನ ಕೈಕಟ್ಟಿ ಕೂರಬೇಕಾ? ಬೇಡ. ಹೇನಿಗೆ ಗುಲಾಬಿ ಗಿಡ ಸಾಯುವುದು ಅಪರೂಪ, ಆದರೆ ಮೊಗ್ಗು ಸೊಟ್ಟಗಾಗುತ್ತದೆ, ಎಲೆ ಮುರುಟುತ್ತದೆ, ಹೂವು ಸಣ್ಣದಾಗುತ್ತದೆ. ಅಷ್ಟು ದಿನ ಕಾದು ಸಾಕಿದ ಮೊಗ್ಗು ಹಾಳಾದರೆ ಯಾರಿಗೆ ತಾನೇ ಬೇಜಾರಾಗಲ್ಲ? ಹಾಗಾಗಿ ತಿನ್ನುವವರು ಬರುವ ತನಕ ಹೇನನ್ನು ಹದ್ದುಬಸ್ತಿನಲ್ಲಿ ಇಟ್ಟಿರಬೇಕು. ಪೂರ್ತಿ ಅಳಿಸಬಾರದು. ಈ ಎರಡನೇ ವಾಕ್ಯ ಹೇಳಿದರೆ ಜನ ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ.

ಮೊದಲನೇ ಆಯುಧ ಬೆರಳು. ಹೆಬ್ಬೆರಳು, ತೋರುಬೆರಳಿನ ನಡುವೆ ತೊಟ್ಟು ಹಿಡಿದು ಕೆಳಗಿಂದ ಮೇಲಕ್ಕೆ ಮೆಲ್ಲಗೆ ಸವರಿದರೆ ಆಯಿತು. ಬೆರಳು ಹಸಿರಾಗುತ್ತದೆ, ತೊಳೆದುಕೊಂಡರೆ ಹೋಗುತ್ತದೆ. ಅಸಹ್ಯ ಅನ್ನುವವರಿಗೆ ಹಳೇ ಕಾಲುಚೀಲ ಕೈಗೆ ಹಾಕಿಕೊಳ್ಳುವ ದಾರಿ ಇದೆ. ಇದರಲ್ಲಿ ಇನ್ನೊಂದು ಲಾಭ. ಹೇನು ಜಜ್ಜಿಹೋದಾಗ ಬೆನ್ನಿನ ಕೊಳವೆಗಳಿಂದ ಒಂದು ವಾಸನೆ ಹೊರಬೀಳುತ್ತದೆ. ನಮಗೆ ಗೊತ್ತಾಗಲ್ಲ, ಅಕ್ಕಪಕ್ಕದ ಹೇನುಗಳಿಗೆ ಗೊತ್ತಾಗುತ್ತದೆ. ಅಪಾಯ ಅಂತ ಬಾಯಿ ಕಿತ್ತುಕೊಂಡು ನಡೆಯುತ್ತವೆ, ಕೆಲವು ಧೊಪ್ಪನೆ ಕೆಳಗೆ ಬೀಳುತ್ತವೆ. ಮಹಡಿಯ ಕಾಂಕ್ರೀಟ್ ಮೇಲೆ ಬಿದ್ದ ಎಳೆ ಹೇನು ಮತ್ತೆ ಮೊಗ್ಗು ತಲುಪುವುದು ಕಷ್ಟ.

ಎರಡನೆಯದು ನೀರು. ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದು ಜೋರಾಗಿ ಬಿಟ್ಟರೆ ಹೇನು ಕೊಚ್ಚಿಹೋಗುತ್ತದೆ. ಇದು ಎಲ್ಲಾ ಕಡೆ ಕೊಡುವ ಸಲಹೆ, ಒಳ್ಳೆಯದೇ. ಆದರೆ ಈ ಊರಲ್ಲಿ ಪೈಪ್ ಹಿಡಿಯುವ ಮುಂಚೆ ಎರಡು ಸಲ ಯೋಚಿಸಬೇಕು. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯೋಕೆ ಬಳಸಬಾರದು ಅಂತ ಜಲಮಂಡಳಿ ಆದೇಶ ಹೊರಡಿಸಿತ್ತಲ್ಲ, ತಪ್ಪಿದರೆ 5000 ರೂಪಾಯಿ ದಂಡ ಅಂತ. ಆ ಬೇಸಿಗೆ ಆದ ಮೇಲೆ ನನಗೆ ಪೈಪಿನಲ್ಲಿ ಹೇನು ತೊಳೆಯೋಕೆ ಮನಸ್ಸಾಗಿಲ್ಲ. ಕೈಯಲ್ಲಿ ಒತ್ತುವ ಒಂದು ಲೀಟರ್ ಸ್ಪ್ರೇಯರ್ ಸಾಕು. ಮೂತಿ ತಿರುಗಿಸಿ ಸಣ್ಣ ಧಾರೆ ಮಾಡಿಕೊಂಡರೆ ನಾಲ್ಕು ಗಿಡಕ್ಕೆ ಅರ್ಧ ಲೀಟರ್ ಕೂಡ ಬೇಡ. ಬೆಳಗ್ಗೆಯೇ ಮಾಡಿ. ಸಂಜೆ ಒದ್ದೆಯಾದ ಎಲೆ ರಾತ್ರಿಯೆಲ್ಲ ಒಣಗದೆ ಇದ್ದರೆ ಕಪ್ಪು ಚುಕ್ಕೆ ರೋಗಕ್ಕೆ ಹಬ್ಬ.

ಮೂರನೆಯದು ಸೋಪು. ಸೋಪಿನ ನೀರು ಹೇನಿನ ಮೈಗೆ ತಾಗಿದರೆ ಅದರ ಮೈಮೇಲಿನ ಮೇಣದ ಪೊರೆ ಕೆಡುತ್ತದೆ, ಒಳಗಿನ ಜೀವಕೋಶ ಒಡೆಯುತ್ತದೆ, ಒಣಗಿ ಸಾಯುತ್ತದೆ. ತಾಗಬೇಕು ಅಷ್ಟೇ. ಒಣಗಿದ ಸೋಪಿಗೆ ಏನೂ ಶಕ್ತಿ ಇಲ್ಲ, ಹಾಗಾಗಿ ನಾಳೆ ಬರುವ ಗುಲಗಂಜಿ ಹುಳುವಿಗೆ ತೊಂದರೆಯೂ ಇಲ್ಲ. ನನಗೆ ಸೋಪು ಇಷ್ಟವಾಗುವುದು ಇದೇ ಕಾರಣಕ್ಕೆ. ಬಟ್ಟೆ ಸೋಪಿನ ಪುಡಿ ಬೇಡ, ಅದರಲ್ಲಿ ಸೋಡಾ ಇರುತ್ತದೆ, ಎಳೆ ಎಲೆ ಸುಟ್ಟುಹೋಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೇವಿನ ಸೋಪು, ಹೊಂಗೆ ಸೋಪು ಅಂತ ಗಿಡಗಳಿಗೇ ಮಾಡಿದ್ದಾರೆ. ಮೈಗೆ ಹಚ್ಚುವ ಸೋಪಲ್ಲ ಅದು, ನೀರಿಗೆ ತುರಿದು ಕರಗಿಸಿ ಸಿಂಪಡಿಸುವುದು. ಪೊಟ್ಟಣದ ಮೇಲಿರುವ ಅಳತೆ ನೋಡಿಕೊಂಡರೆ ಸಾಕು.

ಸೋಪು ಹೊಡೆದರೂ ಹೇನು ಹೋಗಲಿಲ್ಲ ಅನ್ನುವವರನ್ನು ನಾನು ಕೇಳುವುದು, ‘ಯಾವ ನೀರಲ್ಲಿ ಕಲಸಿದ್ರಿ?’ ಬಹಳ ಮನೆಗಳಲ್ಲಿ ಮಹಡಿ ನಲ್ಲಿಗೆ ಬರುವುದು ಬೋರ್‌ವೆಲ್ ನೀರು. ಗಡಸು ನೀರು. ಅದರಲ್ಲಿರುವ ಸುಣ್ಣದ ಅಂಶ ಸೋಪಿನ ಜೊತೆ ಸೇರಿ ಮೊಸರು ಒಡೆದಂತೆ ಬಿಳಿ ಗಸಿಯಾಗುತ್ತದೆ. ನೊರೆಯೇ ಬರುವುದಿಲ್ಲ. ಸೋಪಿನ ಶಕ್ತಿ ಬಾಟಲಿಯಲ್ಲೇ ಖರ್ಚಾಗಿರುತ್ತದೆ, ಸ್ಪ್ರೇಯರ್ ತೂತೂ ಕಟ್ಟುತ್ತದೆ. ಒಂದು ಲೀಟರ್ ಕಾವೇರಿ ನೀರೋ, ಹಿಡಿದಿಟ್ಟ ಮಳೆನೀರೋ ತಗೊಳ್ಳಿ. ಹೇನು ಮುತ್ತಿದ ತುದಿಗೆ ಮಾತ್ರ, ಎಲೆಯ ಅಡಿಗೂ ತಾಗುವ ಹಾಗೆ ಹೊಡೆಯಿರಿ. ಬಿಸಿಲೇರಿದ ಮೇಲೆ ಬೇಡ. ಗುಲಗಂಜಿ ಮರಿ ಕೂತಿರುವ ಕೊಂಬೆ ಬಿಟ್ಟುಬಿಡಿ, ಒದ್ದೆ ಸೋಪು ಅದನ್ನೂ ಕೊಲ್ಲುತ್ತದೆ.

ಬೇವಿನೆಣ್ಣೆಯ ಬಗ್ಗೆ ಎರಡೇ ಮಾತು. ಲೀಟರಿಗೆ ಐದು ಎಂ.ಎಲ್.ಗಿಂತ ಜಾಸ್ತಿ ಬೇಡ, ಮೊದಲು ಸೋಪಿನಲ್ಲಿ ಕಲಸಿ ಆಮೇಲೆ ನೀರು ಸೇರಿಸಿ. ಅದು ಹೇನಿನ ಊಟ, ಪೊರೆ ಬಿಡುವುದು ಇವನ್ನು ಕೆಡಿಸುವ ನಿಧಾನದ ಮದ್ದು, ಸಂಜೆಗೇ ಹೆಣ ಬೀಳಬೇಕು ಅಂತ ಕಾಯಬೇಡಿ. ಮತ್ತೆ, ಹೊಗೆಸೊಪ್ಪಿನ ಕಷಾಯ ನೈಸರ್ಗಿಕ ಅಂತ ಕೆಲವರು ಧೈರ್ಯವಾಗಿ ಹೊಡೆಯುತ್ತಾರೆ. ನಿಕೋಟಿನ್ ನಮ್ಮ ಚರ್ಮದ ಮೂಲಕವೂ ಒಳಗಿಳಿಯುವ ವಿಷ. ಗಿಡದ್ದು ಅಂದ ಮಾತ್ರಕ್ಕೆ ಸಾಧು ಅಲ್ಲ.

ಈಗ ಇರುವೆ ವಿಷಯ. ಗಿಡದ ರಸದಲ್ಲಿ ಸಕ್ಕರೆ ಬೇಕಾದಷ್ಟು, ಮೈ ಬೆಳೆಸುವ ಸಾರಜನಕದ ಅಂಶ ಕಡಿಮೆ. ಆ ಸ್ವಲ್ಪಕ್ಕಾಗಿ ಹೇನು ಹೊಟ್ಟೆಗೆ ಮೀರಿ ಕುಡಿಯುತ್ತದೆ, ಬೇಡದ ಸಕ್ಕರೆಯನ್ನು ಹಿಂದಿನಿಂದ ಹನಿ ಹನಿಯಾಗಿ ಬಿಡುತ್ತದೆ. ಕೆಳಗಿನ ಎಲೆ ಅಂಟಂಟಾಗುವುದು, ಆಮೇಲೆ ಅದರ ಮೇಲೆ ಮಸಿಯಂಥ ಕಪ್ಪು ಬೂಷ್ಟು ಬರುವುದು ಇದರಿಂದಲೇ. ಇರುವೆಗೆ ಆ ಹನಿ ಬೇಕು. ಮೀಸೆಯಿಂದ ಹೇನಿನ ಬೆನ್ನು ತಟ್ಟಿ ಹನಿ ಬಿಡಿಸಿಕೊಳ್ಳುತ್ತದೆ, ಬದಲಿಗೆ ಗುಲಗಂಜಿ ಮರಿಯನ್ನು, ಕಣಜವನ್ನು ಓಡಿಸುತ್ತದೆ. ಇರುವೆ ಸಾಲು ಇರುವ ಗಿಡದಲ್ಲಿ ನಮ್ಮ ಸಂದು ಹತ್ತು ದಿನಕ್ಕೆ ಮುಗಿಯಲ್ಲ. ಕುಂಡವನ್ನು ನೀರು ತುಂಬಿದ ತಟ್ಟೆಯಲ್ಲಿ ಇಡಿ ಅಂತ ಹೇಳುವವರಿದ್ದಾರೆ. ದಯವಿಟ್ಟು ಬೇಡ. ಆ ತಟ್ಟೆಯಲ್ಲಿ ಒಂದು ವಾರ ನೀರು ನಿಂತರೆ ಡೆಂಗಿ ಸೊಳ್ಳೆ ಹುಟ್ಟುತ್ತದೆ, ಲಾರ್ವಾ ನೋಡೋಕೆ ಬಂದ ಆಶಾ ಕಾರ್ಯಕರ್ತೆ ಬೈದರೆ ತಪ್ಪೇನಿಲ್ಲ. ಸ್ಟ್ಯಾಂಡಿನ ಕಾಲಿಗೆ ಗ್ರೀಸ್ ಬಳಿಯಿರಿ. ಕುಂಡದಿಂದ ಗೋಡೆಗೆ ತಾಗುವ ಕೊಂಬೆ ಕತ್ತರಿಸಿ, ಇರುವೆಗೆ ಅದೇ ಸೇತುವೆ.

ಸಾರಜನಕ ಅಂದೆನಲ್ಲ, ಅಲ್ಲೇ ನಮ್ಮ ಕೈವಾಡವೂ ಇದೆ. ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುವ ಕಾರ್ತಿಕದಲ್ಲೇ ನಮ್ಮ ಮಹಡಿಗಳಲ್ಲಿ ಕಡಲೆಕಾಯಿ ಹಿಂಡಿ ನೆನೆಸಿದ ನೀರಿನ ಘಾಟು ಏಳುತ್ತದೆ. ಗಿಡಕ್ಕೆ ಹಿಂಡಿ ಒಳ್ಳೆಯದೇ. ಆದರೆ ವಾರ ವಾರ ಹುಯ್ದರೆ, ಮೇಲೆ ಒಂದು ಚಿಟಿಕೆ ಯೂರಿಯಾನೂ ಹಾಕಿದರೆ, ಗಿಡ ಎಳೆ ಚಿಗುರನ್ನೇ ತಳ್ಳುತ್ತದೆ, ಅದರ ರಸದಲ್ಲಿ ಹೇನಿಗೆ ಬೇಕಾದದ್ದು ಜಾಸ್ತಿಯಾಗುತ್ತದೆ. ಹೇನು ಬೇಗ ಬೆಳೆದು ಜಾಸ್ತಿ ಹೆರುತ್ತದೆ. ಪಕ್ಕದ ಬೀದಿಯ ಅಂಕಲ್ ಒಬ್ಬರು ಹೇನಿನ ಬಗ್ಗೆ ಗೊಣಗುತ್ತಲೇ ಹಿಂಡಿ ನೀರು ಹುಯ್ಯುತ್ತಿರುತ್ತಾರೆ. ಕಡಿಮೆ ಮಾಡಿ ಅಂದರೆ, ‘ಹೂವು ಬೇಡ್ವೇನಮ್ಮಾ?’ ಅಂತಾರೆ. ಹೇನು ಕಂಡ ಮೇಲೆ ಮೂರು ವಾರ ಹಿಂಡಿ ನಿಲ್ಲಿಸಿದರೆ ಹೂವೇನೂ ನಿಲ್ಲುವುದಿಲ್ಲ.

ಇನ್ನು ಬಾಟಲಿ. ಒಂದು ನರ್ಸರಿಯಲ್ಲಿ ಗೊಬ್ಬರ ತಗೊಳ್ಳುವಾಗ ಅಲ್ಲಿಯವರು, ‘ಇದೊಂದ್ಸಲ ಹೊಡೀರಿ ಮೇಡಂ, ತಿಂಗಳು ಹೇನು ತಲೆ ಹಾಕಲ್ಲ’ ಅಂದರು. ಲೇಬಲ್ ನೋಡಿದರೆ ಇಮಿಡಾಕ್ಲೋಪ್ರಿಡ್. ಅವರು ಹೇಳಿದ್ದು ಸುಳ್ಳಲ್ಲ. ಅದು ಗಿಡದ ಒಳಗೇ ಇಳಿದು ರಸದಲ್ಲಿ ಸೇರಿಕೊಳ್ಳುತ್ತದೆ, ಹೀರಿದ ಹೇನು ಸಾಯುತ್ತದೆ. ಅದೇ ರಸ ಹೂವಿನ ಪರಾಗಕ್ಕೂ ಹೋಗುತ್ತದೆ, ಅಲ್ಲಿಗೆ ತುಡುವೆ ಜೇನು ಬರುತ್ತದೆ. ಜೇನಿಗೆ ಅಪಾಯ ಅಂತಲೇ ಯುರೋಪಿಯನ್ ಒಕ್ಕೂಟ 2018ರಲ್ಲಿ ಇದನ್ನೂ ಇದರ ಜಾತಿಯ ಇನ್ನೆರಡನ್ನೂ ಬಯಲು ಬೆಳೆಗಳಿಗೆ ನಿಷೇಧಿಸಿತು. ವಿಷ ಸೇರಿದ ಹೇನನ್ನು ತಿಂದ ಗುಲಗಂಜಿ ಮರಿಗೂ ಏಟು. ತಿಂಗಳಾದ ಮೇಲೆ ಔಷಧಿಯ ಶಕ್ತಿ ಇಳಿಯುತ್ತದೆ, ಎಲ್ಲಿಂದಲೋ ರೆಕ್ಕೆಯ ಒಂದು ಹೇನು ಹಾರಿ ಬಂದು ಕೂರುತ್ತದೆ. ಅದು ಒಂದೇ ಸಾಕು, ಗಂಡು ಬೇಕಿಲ್ಲವಲ್ಲ. ತಿನ್ನುವವರು ಮಾತ್ರ ಈಗ ಊರಲ್ಲಿಲ್ಲ. ಹತ್ತು ದಿನದ ಸಂದು ತಿಂಗಳಿನದಾಯಿತು. ಮತ್ತೆ ಬಾಟಲಿ. ಎಕರೆಗಟ್ಟಲೆ ಬೆಳೆದು ಸಾಲ ತೀರಿಸಬೇಕಾದ ರೈತರ ಲೆಕ್ಕ ಬೇರೆ, ಅವರಿಗೆ ನಾನು ಬುದ್ಧಿ ಹೇಳಲ್ಲ. ಆದರೆ ನಮ್ಮ ಗುಲಾಬಿ ದೇವರ ಫೋಟೊಗೆ ಹೋಗುತ್ತದೆ, ಮುಡಿಗೆ ಹೋಗುತ್ತದೆ, ಮಗು ಎಸಳು ಕಿತ್ತು ಬಾಯಿಗೂ ಹಾಕುತ್ತದೆ. ಕೆಲವರು ಗುಲ್ಕಂದ್ ಕೂಡ ಮಾಡುತ್ತಾರೆ. ಅಲ್ಲಿಗೆ ಯಾಕೆ ಬೇಕು ಇದು?

ಸಂದು ದೊಡ್ಡದಾದರೆ ಏನಾಗುತ್ತದೆ ಅಂತ ನಮ್ಮ ರಾಜ್ಯವೇ ಒಮ್ಮೆ ನೋಡಿದೆ. 2002ರಲ್ಲಿ ಮಹಾರಾಷ್ಟ್ರದ ಕಬ್ಬಿನಲ್ಲಿ ಬಿಳಿ ಉಣ್ಣೆ ಹೇನು ಕಾಣಿಸಿಕೊಂಡು ಉತ್ತರ ಕರ್ನಾಟಕದ ಗದ್ದೆಗಳಿಗೂ ಹಬ್ಬಿತು. ಎಲೆಯ ಅಡಿಯೆಲ್ಲ ಹತ್ತಿ ಅಂಟಿಸಿದ ಹಾಗೆ. ಆಳೆತ್ತರದ ಕಬ್ಬಿನೊಳಗೆ ನುಗ್ಗಿ ಔಷಧಿ ಹೊಡೆಯುವುದೇ ಕಷ್ಟ. ಕೊನೆಗೆ ಕೈ ಹಿಡಿದದ್ದು ಡೈಫಾ ಎಂಬ ಪತಂಗದ ಮರಿಹುಳು, ಮೈಕ್ರೋಮಸ್ ಎಂಬ ಕಂದು ಜಾಲರಿ ರೆಕ್ಕೆಯ ಕೀಟ. ಅವನ್ನು ಸಾಕಿ, ಬೆಳೆಸಿ, ಗದ್ದೆಗೆ ಬಿಟ್ಟರು. ಈ ಥರದ ಕೆಲಸಕ್ಕೆ ಬೆಂಗಳೂರಿನಲ್ಲಿ ಹಳೇ ಬೇರಿದೆ. ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತದ ಕೇಂದ್ರ 1957ರಲ್ಲಿ ಇಲ್ಲೇ ಶುರುವಾಯಿತು. ಆ ಪರಂಪರೆಯೇ ಇವತ್ತು ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಆಗಿದೆ. ಬಳ್ಳಾರಿ ರಸ್ತೆಯಲ್ಲಿ ಏರ್‌ಪೋರ್ಟ್‌ಗೆ ಓಡುವ ಕಾರುಗಳಲ್ಲಿ ಕೂತವರಿಗೆ, ಪಕ್ಕದ ಕಾಂಪೌಂಡ್ ಒಳಗೆ ಹುಳು ತಿನ್ನುವ ಹುಳುಗಳನ್ನು ಜತನವಾಗಿ ಸಾಕುತ್ತಿದ್ದಾರೆ ಅಂತ ಗೊತ್ತಿರುವುದು ಅನುಮಾನ.

ನಮ್ಮ ಮಹಡಿಗೆ ಅಷ್ಟೆಲ್ಲ ಬೇಡ. ಹೂನೊಣಕ್ಕೆ ಮೊಟ್ಟೆ ಇಡುವ ಮುಂಚೆ ಪರಾಗ, ಮಕರಂದ ಬೇಕು. ಗುಲಾಬಿಯ ಒತ್ತೆಸಳಿನ ಹೂವಿನಲ್ಲಿ ಅದಕ್ಕೆ ದಾರಿಯೇ ಸಿಗುವುದಿಲ್ಲ. ಅದಕ್ಕೆ ಬೇಕಾದದ್ದು ಸಣ್ಣ, ಬಿಚ್ಚಿದ ಹೂವು. ಕೊತ್ತಂಬರಿ, ಸಬ್ಬಸಿಗೆ, ಸಾಸಿವೆ. ಸೊಪ್ಪು ಕಿತ್ತು ಮುಗಿಸದೆ ಒಂದು ಕುಂಡವನ್ನು ಹೂ ಬಿಡೋಕೆ ಬಿಟ್ಟರೆ ಸಾಕು. ಈ ವಿಷಯದಲ್ಲಿ ಮಾತ್ರ ಅತ್ತೆಗೂ ನನಗೂ ಇನ್ನೂ ಒಪ್ಪಂದ ಆಗಿಲ್ಲ. ಎಳೇ ಸಬ್ಬಸಿಗೆ ಕಂಡರೆ ಅವರಿಗೆ ಅಕ್ಕಿರೊಟ್ಟಿ ನೆನಪಾಗುತ್ತದೆ. ಜೊತೆಗೆ ಒಂದು ಅವರೆ ಬಳ್ಳಿ ಇರಲಿ. ಸೊಗಡಿನ ಅವರೆಕಾಯಿ ಬರುವ ಕಾಲಕ್ಕೇ ಅದಕ್ಕೆ ಕರಿ ಹೇನು ಮುತ್ತುತ್ತದೆ. ಆ ಕರಿ ಹೇನಿನ ಒಲವು ಅವರೆ, ಅಲಸಂದೆ ಜಾತಿಯ ಗಿಡಗಳ ಕಡೆಗೆ. ನಮ್ಮ ಗುಲಾಬಿ ಮೇಲೆ ನಾನು ಅದನ್ನು ಕಂಡಿಲ್ಲ. ಗುಲಗಂಜಿ ಹುಳುವಿಗೆ ಈ ಭೇದವಿಲ್ಲ. ಅವರೆಯಲ್ಲಿ ಸಂಸಾರ ಹೂಡಿ, ಊಟ ತೀರಿದ ಮೇಲೆ ಪಕ್ಕದ ಗುಲಾಬಿಗೆ ಬರುತ್ತದೆ. ಸಂದು ಹತ್ತರಿಂದ ನಾಲ್ಕೈದು ದಿನಕ್ಕೆ ಇಳಿಯುವುದು ಹೀಗೆ. ಎತ್ತರದ ಅಪಾರ್ಟ್‌ಮೆಂಟಿನ ಬಾಲ್ಕನಿಗೆ ಇವೆಲ್ಲ ಬರುವುದು ನಿಧಾನ, ಅಲ್ಲಿ ಬೆರಳಿಗೆ ಕೆಲಸ ಜಾಸ್ತಿ.

ಫೆಬ್ರವರಿ ಕೊನೆಗೆ ಬಿಸಿಲು ಚುರುಗುಟ್ಟುವ ಹೊತ್ತಿಗೆ ಹೇನು ತಾನಾಗಿ ಕಡಿಮೆಯಾಗುತ್ತದೆ. ಆಗ ಎಲೆಯ ಮೇಲೆ ಸಣ್ಣ ಬಿಳಿ ಚುಕ್ಕಿ ಬಂದು, ಅಡಿಯಲ್ಲಿ ನವಿರಾದ ಬಲೆ ಕಂಡರೆ ಅದು ಹೇನಿನ ಮುಂದುವರಿಕೆ ಅಲ್ಲ, ಕೆಂಪು ನುಸಿ. ಎಂಟು ಕಾಲಿನದು, ಜೇಡದ ಬಳಗ. ಇಮಿಡಾಕ್ಲೋಪ್ರಿಡ್ ಅದಕ್ಕೆ ನಾಟುವುದಿಲ್ಲ, ಹೊಡೆದ ಗಿಡದಲ್ಲಿ ನುಸಿ ಹೆಚ್ಚಾಗುವುದೂ ಉಂಟು. ಅದಕ್ಕೆ ಒಣ ಹವೆ ಇಷ್ಟ, ಹಾಗಾಗಿ ಬೆಳಗ್ಗೆ ಎಲೆಯ ಅಡಿಗೆ ನೀರು ಚಿಮುಕಿಸುವ ಅದೇ ಸ್ಪ್ರೇಯರ್ ಇಲ್ಲೂ ಕೆಲಸಕ್ಕೆ ಬರುತ್ತದೆ. ಭೂತಗನ್ನಡಿ ಮಾತ್ರ ಇನ್ನೂ ಹತ್ತಿರ ಹಿಡಿಯಬೇಕು.